ಮೆಟ್ಟಿಲ ಬುಡದ ಅಂಗಡಿ

ಕಣ್ಣಿಗೆ ಔಷಧಿ ಬಿಡಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಟೈಲರ್‌ಗೆ ಎದುರಿನ ಹೆಂಗಸರಿಬ್ಬರ ಮುಖ ಮಸುಕಾಗಿತ್ತು. ಮಾತು ಮಾತ್ರ ಸ್ಪಷ್ಟವಾಗಿ ಕಿವಿಗೆ ಬೀಳುತ್ತಿತ್ತು.

"ಅಣ್ಣ ಕುಡಿಯೋದು ಬಿಟ್ಟೇಬಿಟ್ಟಿದ್ದನಲ್ಲ ಅತ್ತಿಗೆ?"

"ಬಿಟ್ಟಿದ್ರು ಕಣೇ. ಆಗ ಬ್ರಾಂದಿ ಅಂಗಡಿ ರೈಲ್ವೆ ಗೇಟಿನಾಚೆ ಇತ್ತು. ಆಸೆಯಾಗಿ ಹೊರಟ್ರೂ ಅರ್ಧ ದಾರೀಲಿ ಮನಸ್ಸು ತಿರುಗಿ ವಾಪಸ್ ಬರೋರು."

"ಈಗ?"

"ಈಗ ನಮ್ಮ ಮೆಟ್ಟಿಲ ಬುಡದಲ್ಲೇ ತೆಗೆದಿದ್ದಾರೆ. ಹಾಲು ತರೋಕೆ ಇಳಿದ್ರೂ ಅದರ ಮುಂದೇನೇ ಹೋಗ್ಬೇಕು. ಮನಸ್ಸು ತಿರುಗೋಕೆ ದಾರಿನೇ ಉಳಿದಿಲ್ಲ."

"ಹೋದ ಸಲ ಡಾಕ್ಟರು ಏನಂದ್ರು?"

"ಲಿವರ್ ಊದಿದೆ, ಇನ್ನೊಂದು ಹನಿನೂ ಕೂಡದು ಅಂದ್ರು. ಈಚೆಗೆ ಇದೇ ಕಾಯಿಲೆಗೆ ನಿಮ್ಮ ಬೀದಿಯವರೇ ಜಾಸ್ತಿ ಬರ್ತಿದ್ದಾರೆ ಅಂತಾನೂ ಅಂದ್ರು."

"ನೀವು ಗಟ್ಟಿಯಾಗಿ ಹೇಳ್ಬಾರ್ದಾ?"

"ಹೇಳಿ ಹೇಳಿ ಬಾಯಿ ಸೋತಿದೆ. ನಿನ್ನೆ ಅವರೇ ಅತ್ತುಬಿಟ್ರು. ಮನೆ ಬದಲಾಯಿಸೋಣ, ನನ್ನ ಕೈಲಿ ಆ ಮೆಟ್ಟಿಲು ಇಳಿಯೋಕಾಗ್ತಿಲ್ಲ ಅಂದ್ರು."

"ನಮ್ಮ ಮಹಡಿ ರೂಮು ಖಾಲಿ ಇದೆ. ಬಂದ್ಬಿಡಿ."

"ನಿಮ್ಮ ಬೀದೀಲಿ ಅಂಥದ್ದಿಲ್ವಲ್ಲ?"

"ಇಲ್ಲ. ಮೂಲೆ ಮಳಿಗೆಗೆ ಬಣ್ಣ ಹೊಡೀತಿದ್ದಾರೆ. ಯಾವ ಅಂಗಡಿ ಅಂತ ಇನ್ನೂ ಬೋರ್ಡು ಹಾಕಿಲ್ಲ."

ಅಷ್ಟರಲ್ಲಿ ಪರೀಕ್ಷೆಯ ಕೋಣೆಯಿಂದ ಗಂಡಸೊಬ್ಬ ಗೋಡೆ ಹಿಡಿದುಕೊಂಡು ಹೊರಬಂದ. ಇಬ್ಬರೂ ಎದ್ದು ಆಚೀಚೆ ಅವನ ತೋಳು ಹಿಡಿದರು.

"ಏನು ಮಾತಾಡ್ತಿದ್ರಿ?"

"ಮನೆ ಬದಲಾಯಿಸೋ ವಿಷಯ," ಎಂದಳು ಹೆಂಡತಿ.

"ಇವತ್ತೇ ಹೋಗೋಣ ಕಣೇ," ಎಂದ ಅವನು.

ಮೂವರ ಚಪ್ಪಲಿಯ ಸದ್ದು ನಿಧಾನವಾಗಿ ಬಾಗಿಲಿನತ್ತ ಸಾಗಿ ಬೀದಿಯ ಗದ್ದಲದಲ್ಲಿ ಸೇರಿಹೋಯಿತು.