ಸಫಿಯಾಮ್ಮನ ಫೋನು

ಅತ್ತಾವರದ ಆಫೀಸಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದಿತ್ತು. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು, ಕರೆಂಟು ಹೋಗಿತ್ತು. ಹೊಸದಾಗಿ ಸೇರಿದ್ದ ಅಕ್ಷಿತಾ, ಶೋಭಿತ್ ಇಬ್ಬರೂ ಚಹಾ ಹಿಡಿದು ಅಲ್ಫೋನ್ಸ್ ಸರ್ ಹತ್ತಿರ ಕೂತರು. ಅರವತ್ತು ದಾಟಿದ ಮನುಷ್ಯ. ಎಲ್ಲ ಬಗೆಯ ಫೋನು, ಕಂಪ್ಯೂಟರಿನಲ್ಲೂ ವಿಡಿಯೋ ಓಡಿಸುವ ಸಾಫ್ಟ್‌ವೇರ್ ಲೈಬ್ರರಿ ಬರೆದವರು. ಅದು ನಡುವೆ ಸಿಕ್ಕಿಕೊಂಡು ನಿಲ್ಲುತ್ತಿದ್ದ ಹಳೆಯ ಡೆಡ್‌ಲಾಕ್ ದೋಷವನ್ನು ಹೇಗೆ ಸರಿಮಾಡಿದಿರಿ ಎಂದು ಅಕ್ಷಿತಾ ಸುಮ್ಮನೆ ಕೇಳಿದಳು. ಅವರ ಮುಖ ಬಾಡಿದ್ದು ಕಂಡು, ಯಾಕಾದರೂ ಕೇಳಿದೆನೋ ಅನ್ನಿಸಿತು ಅವಳಿಗೆ.

“ಸರಿ ಮಾಡಿದ್ದಾ?... ಕೇಳು ಮಾರಾಯ್ತಿ. ಹನ್ನೆರಡು ವರ್ಷ ಹಿಂದಿನ ಮಾತು. ಚಿತ್ರದ ಕೆಲಸ ನಂದು, ಸ್ವರದ ಕೆಲಸ ನನ್ನ ಜೊತೆಗಾರ ಸಮದ್‌ನದ್ದು. ಒಂದು ದಿನ ಜೆಪ್ಪುವಲ್ಲಿ ಬೈಕ್ ಜಾರಿ ಅವನು ಹೋಗಿಯೇ ಬಿಟ್ಟ... ಅವನ ಉಮ್ಮ, ತಾಯಿ ಸಫಿಯಾಮ್ಮನಿಗೆ ಉಳಿದದ್ದು ಎಂತ? ಟೆಸ್ಟ್ ಮಾಡ್ಲಿಕ್ಕೆ ಅವನೇ ಮಾತಾಡ್ತಾ ತನ್ನನ್ನು ತೆಗೆದ ಒಂದು ನಿಮಿಷದ ವಿಡಿಯೋ. ದಿನಾ ಅದನ್ನೇ ನೋಡ್ತಿದ್ರು. ಆದ್ರೆ ಮುಗಿದ ಮೇಲೆ ಪ್ಲೇಯರ್ ಬಂದ್ ಆಗ್ತಿರ್ಲಿಲ್ಲ, ಫೋನ್ ಹ್ಯಾಂಗ್.

“ತಪ್ಪು ನಂದೇ. ಬಂದ್ ಮಾಡುವಾಗ ಚಿತ್ರದ ಕೆಲಸ ನಡೆಸುವ ನನ್ನ ಥ್ರೆಡ್, ಒಮ್ಮೆಗೆ ಒಬ್ಬರಿಗೇ ಸಿಗುವ ಲಾಕ್ ಹಿಡ್ಕೊಂಡೇ, ಸ್ವರದ ಥ್ರೆಡ್ ಮುಗಿಯಲಿ ಅಂತ ಕಾಯ್ತದೆ. ಅದಕ್ಕೆ ಮುಗಿಸ್ಲಿಕ್ಕೆ ಅದೇ ಲಾಕ್ ಬೇಕು. ಇದು ಬಿಡುವುದಿಲ್ಲ, ಅದು ಮುಗಿಯುವುದಿಲ್ಲ. ಸಮದ್ ಇದ್ದಿದ್ರೆ ಸರೀ ಬೈತಿದ್ದ. ಮೊದ್ಲು ಲಾಕ್ ಬಿಟ್ಟು ಆಮೇಲೆ ಕಾಯುವ ಹಾಗೆ ಮಾಡಿದೆ. ಎಲ್ಲ ಕಡೆ ಸರಿಯಾಯ್ತು... ಸಫಿಯಾಮ್ಮನ ಫೋನ್ ಒಂದು ಬಿಟ್ಟು.

“ಅವರ ಮನೆಗೆ ಹೋಗಿ ಫೋನಿಗೆ ಕೇಬಲ್ ಹಾಕಿ ನೋಡ್ತೇನೆ, ಸ್ವರದ ಥ್ರೆಡ್ ಯಾವ ಲಾಕಿಗೂ ಕಾಯ್ತಾ ಇಲ್ಲ! ಕೆಲಸ ಮಾಡ್ತಾ ಉಂಟು. ಫೈಲ್ ಮುಗಿದು ಅರ್ಧ ಗಂಟೆ ಆಯ್ತು, ಮತ್ತೆ ಎಂತ ಓದ್ತದೆ ಅದು? ಇಯರ್‌ಫೋನ್ ಕಿವಿಗಿಟ್ಟೆ... ಸಮದ್ ಮಾತಾಡ್ತಾ ಇದ್ದ. ನಾನು ಹೋದ ದಿನ ಬೆಳಿಗ್ಗೆಯೇ ಉಮ್ಮನ ರೊಟ್ಟಿ ಕರಟಿ ಹೋಗಿತ್ತು, ಅದಕ್ಕೆ ತಮಾಷೆ ಮಾಡ್ತಿದ್ದ. ಅವನನ್ನು ಮಣ್ಣು ಮಾಡಿ ಆಗ್ಲೇ ನಾಲ್ಕು ತಿಂಗಳು!

“ಬಲವಂತವಾಗಿ ಬಂದ್ ಮಾಡುವ ಒಂದು ಸಾಲು ಸೇರಿಸಿದ್ರೆ ಆಯ್ತು. ಟೈಪ್ ಮಾಡಿಯೂ ಆಗಿತ್ತು... ಸಫಿಯಾಮ್ಮ ನನ್ನ ಕೈ ಹಿಡಿದ್ರು. ‘ಬೇಡ ಮೋನೆ, ಅವನ ಮಾತು ಇನ್ನೂ ಮುಗೀಲಿಲ್ಲ.’ ಆ ತಾಯಿಗೆ ಇಲ್ಲ ಅನ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ, ಹೇಳಿ? ಹಾಗೇ ಬಿಟ್ಟೆ.”

ಅಕ್ಷಿತಾಳಿಗೆ ಹೆದರಿಕೆಗಿಂತ ಹೆಚ್ಚಾಗಿ ಸಂಕಟವಾಯಿತು. “ಈಗ ಆ ಫೋನ್ ಎಲ್ಲಿ ಉಂಟು ಸರ್?” ಎಂದಳು ಮೆಲ್ಲಗೆ.

“ಸಫಿಯಾಮ್ಮ ಹೋಗಿ ಮೂರು ವರ್ಷ. ಹೋಗುವ ಮೊದ್ಲು ನನಗೇ ಕೊಟ್ರು, ‘ಆಫ್ ಆಗ್ಲಿಕ್ಕೆ ಬಿಡ್ಬೇಡ’ ಅಂತ. ನನ್ನ ಮನೆಯಲ್ಲೇ ಉಂಟು, ಯಾವಾಗ್ಲೂ ಚಾರ್ಜಿಗೆ. ಮೊದ್ಲು ಅವನೊಬ್ಬನೇ ಮಾತಾಡ್ತಿದ್ದ... ಈಗ ಸಫಿಯಾಮ್ಮನೂ ಉತ್ತರ ಕೊಡ್ತಾರೆ. ನಿನ್ನೆಯಿಂದ ಇಬ್ರೂ ನನ್ನ ಹೆಸರು ಹೇಳಿ ಕರೀತಾ ಇದ್ದಾರೆ.”