ಮಂಚ ತಳ್ಳಿದವರು ಇಬ್ಬರು

ಹಾಗಾಗಿ ಜೆನಿಟಾ ಮೇಡಂ, ನಿನ್ನೆ ನಿಮ್ಮ ಕೋಣೆಯಲ್ಲಿ ಅರ್ಧಕ್ಕೆ ನಿಂತ ಮಾತನ್ನೇ ನಾನು ಇಲ್ಲಿ ಮುಂದುವರಿಸಬೇಕಾಗಿದೆ. ಕ್ಷಮಿಸಿ, ಮೊದಲು ಕ್ರಮ. ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲೆ ಜೆನಿಟಾ ಮೇಡಂ ಅವರೇ, ಬಿಳಿ ಉಡುಪಿನಲ್ಲಿ ಇನ್ನೂ ಹಚ್ಚದ ದೀಪ ಹಿಡಿದು ನಿಂತಿರುವ ಮಕ್ಕಳೇ, ಹೆಜಮಾಡಿಯಿಂದ, ಬನ್ನಂಜೆಯಿಂದ ಬಸ್ಸು ಹತ್ತಿ ಕಾರ್ಕಳದವರೆಗೆ ಬಂದಿರುವ ಹೆತ್ತವರೇ, ಸಭಿಕರೇ.

ನನ್ನ ಹೆಂಡತಿ ಗುಣವತಿ ಈ ನರ್ಸಿಂಗ್ ಕಾಲೇಜಿನಲ್ಲಿ ಒಂದೇ ಪಾಠವನ್ನು ವರ್ಷ ವರ್ಷ ಮಾಡಿದಳು. ರೋಗಿಯನ್ನು ಹೃದಯ, ಶ್ವಾಸಕೋಶ ಎಂದು ತುಂಡು ಮಾಡಿ ನೋಡಬೇಡಿ. ಮನುಷ್ಯನೂ ಅವನ ಸುತ್ತಲಿನ ಪರಿಸರವೂ ಎರಡು ಎನರ್ಜಿ ಫೀಲ್ಡ್, ಅಂದರೆ ಶಕ್ತಿಯ ವಲಯಗಳು, ನಡುವೆ ಗೋಡೆ ಇಲ್ಲ. ದಿ ಹೋಲ್ ಈಸ್ ಮೋರ್ ದ್ಯಾನ್... ಮುಂದಿನ ಇಂಗ್ಲಿಷ್ ಮರೆತಿದೆ, ಇಡೀ ಮನುಷ್ಯ ಅವನ ತುಂಡುಗಳಿಗಿಂತ ದೊಡ್ಡವನು ಎಂದರ್ಥ. ಫೀಲ್ಡ್ ಎಂದರೆ ಗದ್ದೆ ಎಂದು ಕಲಿತವನು ನಾನು. ಹಾಗೆಂದರೆ ಅವಳು, "ನಿಮಗೆ ಬ್ಯಾಂಕಿನವರಿಗೆ ಎಂತ ಗೊತ್ತುಂಟು ಮಾರಾಯ್ರೆ, ಸುಮ್ಮನೆ ಊಟ ಮಾಡಿ" ಎನ್ನುತ್ತಿದ್ದಳು.

ಕಳೆದ ಮೇ ತಿಂಗಳಲ್ಲಿ ಅವಳೇ ನಿಮ್ಮ ಆಸ್ಪತ್ರೆಯ ರೋಗಿ. ಇನ್ನು ಮಾಡುವುದಕ್ಕೇನೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕೋಣೆಗೆ ಎ.ಸಿ., ಕಿಟಕಿ ತೆರೆಯುವ ಹಾಗಿಲ್ಲ. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿದವಳು, ಅವಳಿಗೆ ಅದು ಗಾಳಿಯೇ? "ಉಸಿರಾಡ್ಲಿಕ್ಕೆ ಗಾಳಿ ಉಂಟು ಮಗಾ, ಮುಖಕ್ಕೆ ಗಾಳಿ ಇಲ್ಲ" ಎಂದಳು. ಹೇಳಿದ್ದು ನನಗಲ್ಲ, ಡ್ಯೂಟಿಯಲ್ಲಿದ್ದ ವಿದ್ಯಾರ್ಥಿನಿ ಯಶ್ಮಿತಾಳಿಗೆ.

ಆ ಹುಡುಗಿ ಗೋಡೆಯ ಆಕ್ಸಿಜನ್ ತೆಗೆದು ಸಣ್ಣ ಸಿಲಿಂಡರ್ ಜೋಡಿಸಿದಳು. "ಸರ್, ಆ ಬದಿ ಹಿಡೀತೀರಾ?" ಎಂದಳು. ಹಿಡಿದೆ. ಮಂಚವನ್ನು ಪಡುವಣ ವರಾಂಡಕ್ಕೆ ತಳ್ಳಿಕೊಂಡು ಹೋದೆವು. ಸಂಜೆಯ ಗಾಳಿ ಬಂತು. ಗುಣವತಿ ಹಣೆಯ ಕೂದಲನ್ನು ಸರಿಸಿಕೊಳ್ಳಲಿಲ್ಲ, ಹಾರಲಿ ಎಂದು ಬಿಟ್ಟಳು. "ಪಾಠ ಕೇಳಿದ್ದೀ ನೀನು" ಎಂದಳು. ಅದೇ ಕೊನೆಯ ಮಾತು. ಅಲ್ಲಿಯೇ ಹೋದಳು.

ಡಾಕ್ಟರರ ಅಪ್ಪಣೆಯಿಲ್ಲದೆ ರೋಗಿಯನ್ನು ಹೊರಗೆ ತಂದದ್ದಕ್ಕಾಗಿ ಯಶ್ಮಿತಾಳಿಗೆ ಈ ವರ್ಷ ಪ್ರತಿಜ್ಞೆಯ ದೀಪ ಇಲ್ಲ. ಇನ್ನೊಂದು ವರ್ಷ ಕಾಯಬೇಕು. "ನಿಯಮ ನಿಯಮವೇ ಸರ್. ನಾಳೆ ಬೇರೆಯವರ ಮನೆಯವರು ಕೇಸು ಹಾಕಿದ್ರೆ ನಾನು ಎಂತ ಹೇಳ್ಲಿ?" ಎಂದು ಮೇಡಂ ನಿನ್ನೆ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಸಭಿಕರೇ, ಮಂಚ ತಳ್ಳಿದವರು ಇಬ್ಬರಲ್ಲವೇ? ಒಬ್ಬನಿಗೆ ಈ ಶಾಲು, ಈ ಹಾರ. ಇನ್ನೊಬ್ಬಳು ಅಲ್ಲಿ, ಕೊನೆಯ ಸಾಲಿನಲ್ಲಿ, ಹಸಿರು ಚೂಡಿದಾರದಲ್ಲಿ, ಅಮ್ಮನ ಪಕ್ಕ ಕುಳಿತಿದ್ದಾಳೆ. ನಾನು ಹೆಸರು ಹೇಳಿದ ಮೇಲೆ ತಲೆ ಎತ್ತಿಲ್ಲ.

ಮನೆಯಲ್ಲಿ ನಾನು ಈಗ ಕಿಟಕಿಗಳನ್ನು ಮುಚ್ಚುವುದಿಲ್ಲ. ಮಳೆ ಒಳಗೆ ಬರುತ್ತದೆ. ಬರಲಿ. ಅವಳಿಲ್ಲದ ಮನೆಗೆ ಏನಾದರೂ ಬರಬೇಕಲ್ಲ? ಅದಿರಲಿ, ಸಭೆಯಲ್ಲಿ ಹೇಳುವ ಮಾತಲ್ಲ.

ಓ, ಬೆಳಕು ಹೋಗುತ್ತಾ ಉಂಟು. ಮುಂದಿನ ಸಾಲಿನ ಮುಖಗಳೇ ಕಾಣುತ್ತಿಲ್ಲ. ಮಕ್ಕಳ ದೀಪಗಳನ್ನು ಹಚ್ಚಿಕೊಡಬೇಕಾದ ಅತಿಥಿ ನಾನು, ಬೆಂಕಿಪೊಟ್ಟಣ ಕೈಯಲ್ಲಿ ಉಂಟು. ಯಶ್ಮಿತಾ ವೇದಿಕೆಯ ಮೇಲೆ ಬರುವ ತನಕ ನಾನು ಕಡ್ಡಿ ಗೀರುವುದಿಲ್ಲ. ಇದು ಬೆದರಿಕೆಯಲ್ಲ ಮೇಡಂ, ಕೈ ಏಳುವುದಿಲ್ಲ, ಅಷ್ಟೇ. ಇಷ್ಟು ಹೊತ್ತು ಸಹಿಸಿದಿರಿ, ಉಪಕಾರ. ನಾನು ಈ ಕುರ್ಚಿಯಲ್ಲೇ ಕುಳಿತಿರುತ್ತೇನೆ. ಎಲ್ಲರಿಗೂ ನಮಸ್ಕಾರ.