ಎರಡು ಮನೆಗಳ ನಡುವೆ

ಬಸ್ಸಿನಲ್ಲಿ ನನ್ನ ಮುಂದೆ ಇಬ್ಬರು ಹೆಂಗಸರು ಕೂತಿದ್ದರು. ಒಂದು ಆಫೀಸಿನ ಕಡೆಯಿಂದ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು. ಹಿರಿಯಳ ಎಡಗೈಗೆ ಪ್ಲಾಸ್ಟರ್ ಹಾಕಿತ್ತು.

"ಬಸ್ ಇಳಿಯುವಾಗ ಬಿದ್ದಿದ್ದಾ, ಅಕ್ಕಾ?"

"ಹೂಂ. ಅಜ್ಜನ ಮನೆ ಮುಗಿಸಿ ಟೀಚರಮ್ಮನ ಮನೆಗೆ ಹೊರಟಿದ್ದೆ."

"ಆಫೀಸಿನವರು ಏನಂದ್ರು?"

"ದಾರಿಯ ಹೊತ್ತಿಗೆ ಸಂಬಳ ಇಲ್ಲ, ಅದಕ್ಕೆ ಇದು ಕೆಲಸದಲ್ಲಿ ಬಿದ್ದ ಪೆಟ್ಟಲ್ವಂತೆ. ಬಸ್ಸಲ್ಲಿ ನನ್ನ ಪಾಡಿಗೆ ನಾನಿದ್ನಂತೆ."

ಹಿರಿಯಳು ಕೊರಳಿನ ದಾರ ಹೊರಗೆಳೆದಳು. ಅದರಲ್ಲಿ ಎರಡು ಬೀಗದ ಕೈ ಇದ್ದವು.

"ಒಂದು ಅಜ್ಜನ ಮನೇದು, ಒಂದು ಟೀಚರಮ್ಮಂದು. ಇವನ್ನ ಕಟ್ಕೊಂಡು ನನ್ನ ಪಾಡಿಗೆ ನಾನು ಎಲ್ಲಿಗೆ ಹೋಗ್ಲಿ?"

"ಮತ್ತೆ ಈಗೆಲ್ಲಿಗೆ, ಈ ಕೈ ಇಟ್ಕೊಂಡು?"

"ಟೀಚರಮ್ಮನ ಮನೆಗೇ. ಅವರು ಎದ್ದು ಬಂದು ಬಾಗಿಲು ತೆಗೆಯೋ ಹಾಗಿಲ್ವಲ್ಲ."

ಸ್ಟಾಪ್ ಬಂತು. ಕಿರಿಯಳು ಮೊದಲು ಇಳಿದು, ಕೈ ಚಾಚಿ ನಿಂತಳು.